ಎಳೆಯರ ನೀತಿಕಥೆ: ಹೇಳುವವರ ಹೊಣೆ

ಮಕ್ಕಳಿಗೆ ಕಥೆಯ ಮೂಲಕ ನೀತಿಯನ್ನು ಬೋಧಿಸುವ ಪದ್ಧತಿಯು ಭಾರತದಲ್ಲಿ ಅತಿ ಪ್ರಾಚೀನವಾದುದು. ಶಾಸ್ತ್ರಾಭ್ಯಾಸಕ್ಕೆ ಒಗ್ಗದ ಮೂವರು ರಾಜಕುಮಾರರನ್ನು ವಿಷ್ಣುಶರ್ಮನು ಕಥೆಗಳಿಂದಲೇ ನೀತಿಜ್ಞರನ್ನಾಗಿ ಮಾಡಿದನೆಂಬುದು ಪಂಚತಂತ್ರದ ಪೀಠಿಕೆ. ದುರ್ಗಸಿಂಹನು 11ನೆಯ ಶತಮಾನದಲ್ಲಿ ವಸುಭಾಗಭಟ್ಟನ ಪಾಠವನ್ನನುಸರಿಸಿ ಆ ಕಥಾಸಂಪತ್ತನ್ನು ಕನ್ನಡ ಚಂಪುವಾಗಿ ತಂದನು. ಆದರೆ ಆ ರಾಜಕುಮಾರರು ಕಲಿಯಬೇಕಾಗಿದ್ದುದು ರಾಜನೀತಿಯನ್ನು. ಮಿತ್ರರಾರು, ಶತ್ರುಗಳಾರು, ಯಾರನ್ನು ಎಷ್ಟು ನಂಬಬೇಕು ಎಂಬ ಲೋಕವ್ಯವಹಾರವನ್ನು. ಶಾಲೆಯ ಹೊಸ್ತಿಲನ್ನು ಇನ್ನೂ ತುಳಿಯದ, ಮೂರರಿಂದ ಆರು ವರ್ಷದೊಳಗಿನ ಶಿಶುವಿನ ಸಂಗತಿಯೇ ಬೇರೆ. ಅದಕ್ಕೆ ಶತ್ರುವೂ ಇಲ್ಲ, ರಾಜ್ಯವೂ ಇಲ್ಲ; ನಂಬುವುದೊಂದೇ ಅದರ ವೃತ್ತಿ. ಆದಕಾರಣ ಇಂತಹ ಶಿಶುವಿಗೆ ಹೇಳಿದ ನೀತಿಕಥೆಯು ಯಾರನ್ನು ಕಟ್ಟುತ್ತದೆ, ಕೇಳಿದ ಶಿಶುವನ್ನೋ, ಹೇಳಿದ ಹಿರಿಯರನ್ನೋ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಸಾಮಾನ್ಯವಾಗಿ ಹಿರಿಯರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಕಥೆಯನ್ನು ಹೇಳಿ ಮುಗಿಸಿ, ‘ಇದರಿಂದ ತಿಳಿಯುವ ನೀತಿಯೇನು?’ ಎಂದು ಮಗುವನ್ನು ಕೇಳುತ್ತಾರೆ. ಮಗುವು ಗಿಳಿಯಂತೆ ‘ಸುಳ್ಳು ಹೇಳಬಾರದು’ ಎಂದು ಒಪ್ಪಿಸಿದರೆ ಬೋಧನೆಯು ಸಫಲವಾಯಿತೆಂದು ಸಂತೋಷಪಡುತ್ತಾರೆ. ಈ ವಿಶ್ವಾಸವನ್ನು ಜಿನೀವಾದ ರೂಸೋ 1762ರಲ್ಲಿ ಪ್ರಕಟವಾದ ತನ್ನ ‘ಎಮಿಲ್’ ಎಂಬ ಗ್ರಂಥದಲ್ಲಿ ಕಠಿನವಾಗಿ ಪ್ರಶ್ನಿಸಿದನು. ಕಾಗೆಯನ್ನು ಹೊಗಳಿ ಅದರ ಬಾಯಿಂದ ಗಿಣ್ಣವನ್ನು ಬೀಳಿಸಿಕೊಂಡ ನರಿಯ ಕಥೆಯನ್ನು ಮಗುವಿಗೆ ಹೇಳಿದರೆ, ಹೊಗಳಿಕೆಗೆ ಮರುಳಾಗಬಾರದೆಂದು ಮಗುವು ಕಲಿಯುವುದಿಲ್ಲ; ಕಾಗೆಯನ್ನು ನೋಡಿ ನಗುತ್ತದೆ, ನರಿಯಾಗಲು ಬಯಸುತ್ತದೆ ಎಂಬುದು ಅವನ ವಾದ. ಅವನು ಇದರಿಂದ ನೀತಿಕಥೆಗಳೇ ಮಕ್ಕಳಿಗೆ ಬೇಡವೆಂಬವರೆಗೆ ಹೋದನು. ಅಷ್ಟು ದೂರ ಹೋಗುವುದು ಅನಾವಶ್ಯಕ. ಆದರೆ ಅವನ ಮಾತಿನಲ್ಲಿ ಒಂದು ತಥ್ಯವಿದೆ. ಕಥೆಯ ನೀತಿಯು ಕೊನೆಯ ವಾಕ್ಯದಲ್ಲಿಲ್ಲ. ಮಗುವು ಕಥೆಯೊಳಗೆ ಯಾರ ಸ್ಥಾನದಲ್ಲಿ ನಿಂತು ಕೇಳುತ್ತದೆ ಎಂಬುದರಲ್ಲಿದೆ.

ಎಳೆಯ ಮಗುವಿನ ವಿವೇಚನೆಯು ಹಿರಿಯರ ವಿವೇಚನೆಯಂತಲ್ಲವೆಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆಯೂ 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಅರಿಯದೆ ಬಾಗಿಲನ್ನು ತಳ್ಳಿ ಹದಿನೈದು ಬಟ್ಟಲುಗಳನ್ನು ಒಡೆದ ಹುಡುಗನೊಬ್ಬ. ತಾಯಿಯಿಲ್ಲದ ಹೊತ್ತಿನಲ್ಲಿ ಸಿಹಿಯನ್ನು ಕದಿಯಹೋಗಿ ಒಂದೇ ಬಟ್ಟಲನ್ನು ಒಡೆದವನು ಇನ್ನೊಬ್ಬ. ಇವರಲ್ಲಿ ಯಾರದು ಹೆಚ್ಚಿನ ತಪ್ಪು ಎಂದು ಕೇಳಿದಾಗ ಎಳೆಯ ಮಕ್ಕಳಲ್ಲಿ ಹಲವರು ಹದಿನೈದನ್ನು ಒಡೆದವನದೇ ಎಂದರು. ಅವರು ನೋಡಿದುದು ಒಡೆದ ಚೂರುಗಳನ್ನು; ಉದ್ದೇಶವನ್ನಲ್ಲ. ಎಳೆಯ ಬುದ್ಧಿಗೆ ಕಣ್ಣೆದುರಿನ ಕಾರ್ಯವೇ ಪ್ರಮಾಣ. ಹೀಗಿರುವಾಗ ಸತ್ಯ, ತ್ಯಾಗ, ದಯೆ ಮುಂತಾದ ಅಮೂರ್ತ ಪದಗಳನ್ನು ಕಥೆಯ ಬಾಲಕ್ಕೆ ಕಟ್ಟಿ ಕೊಡುವುದರಿಂದ ಫಲವೇನು? ಮಗುವಿಗೆ ಬೇಕಾದುದು ಕಣ್ಣಿಗೆ ಕಾಣುವ ಸತ್ಯ, ಕೈಗೆ ಸಿಗುವ ದಯೆ.

ಕನ್ನಡ ನಾಡಿನ ಮನೆಮನೆಯಲ್ಲಿ ತೊಟ್ಟಿಲ ಬಳಿಯಿಂದಲೇ ಕೇಳಿಬರುವ ಗೋವಿನ ಹಾಡಿನ ಕಥೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಪುಣ್ಯಕೋಟಿಯು ಹುಲಿಯ ಕೈಗೆ ಸಿಕ್ಕಿ, ಕರುವಿಗೆ ಹಾಲೂಡಿಸಿ ಮರಳಿ ಬರುವೆನೆಂದು ಮಾತು ಕೊಟ್ಟು, ಅದರಂತೆಯೇ ಹಿಂದಿರುಗುತ್ತದೆ. ಹಿರಿಯರು ಇದರಲ್ಲಿ ಕಾಣುವುದು ಪುಣ್ಯಕೋಟಿಯ ಸತ್ಯನಿಷ್ಠೆಯನ್ನು. ಆದರೆ ನಾಲ್ಕು ವರ್ಷದ ಮಗುವು ಪುಣ್ಯಕೋಟಿಯ ಸ್ಥಾನದಲ್ಲಿ ನಿಲ್ಲುವುದಿಲ್ಲ. ಅದು ನಿಲ್ಲುವುದು ಕರುವಿನ ಸ್ಥಾನದಲ್ಲಿ. ಮಾತು ಕೊಟ್ಟು ನಡೆಸಿಕೊಳ್ಳುವ ಸಂದರ್ಭವು ಮಗುವಿನ ಬಾಳಿನಲ್ಲಿ ಇನ್ನೂ ವಿರಳ. ಮಾತನ್ನು ಪಡೆದುಕೊಂಡು ಕಾಯುವ ಸಂದರ್ಭವೋ ದಿನದಿನವೂ ಉಂಟು. ಕಥೆಯನ್ನು ಕೇಳುವಾಗ ಮಗುವಿನ ಮುಖವು ಕಂದುವುದು ಹುಲಿಯು ಅಡ್ಡಗಟ್ಟಿದಾಗಲ್ಲ, ತಾಯಿಯು ಕರುವನ್ನು ಬಿಟ್ಟು ಹೊರಟಾಗ.

ಈ ಕಥೆಯಲ್ಲಿ ಹಿರಿಯರು ಗಮನಿಸದೆ ದಾಟಿಹೋಗುವ ಒಂದು ಘಟ್ಟವಿದೆ. ದೊಡ್ಡಿಗೆ ಬಂದ ಪುಣ್ಯಕೋಟಿಯು ಕರುವಿಗೆ ಸುಳ್ಳು ಸಮಾಧಾನವನ್ನು ಹೇಳುವುದಿಲ್ಲ. ‘ಮೇಯಲು ಹೋಗಿ ಬೇಗ ಬರುತ್ತೇನೆ’ ಎಂದು ಮರೆಸಿ ಹೋಗುವುದು ಅದಕ್ಕೆ ಸುಲಭವಾಗಿತ್ತು. ಹಾಗೆ ಮಾಡದೆ, ತಾನು ಹುಲಿಯ ಬಳಿಗೆ ಹೋಗುತ್ತಿರುವುದನ್ನು ತಿಳಿಸಿ, ತಬ್ಬಲಿಯಾಗಲಿರುವ ಕಂದನನ್ನು ಜೊತೆಯ ಗೋವುಗಳಿಗೆ ಒಪ್ಪಿಸಿ ಹೊರಡುತ್ತದೆ. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡುದು ಎಷ್ಟು ದೊಡ್ಡದೋ, ಕರುವಿಗೆ ಸುಳ್ಳಾಡದಿದ್ದುದೂ ಅಷ್ಟೇ ದೊಡ್ಡದು. ಶತ್ರುವಿನೊಡನೆ ಸತ್ಯ, ಶಿಶುವಿನೊಡನೆಯೂ ಸತ್ಯ.

ಇದಕ್ಕೆ ಎದುರಾಗಿ ಗೃಹಕೃತ್ಯದಲ್ಲಿ ನಡೆಯುವುದನ್ನು ನೋಡಿದರೆ ವಿಷಾದವಾಗುತ್ತದೆ. ತಾಯಿಯು ಸಂತೆಗೋ ಕೆಲಸಕ್ಕೋ ಹೊರಡಬೇಕಾಗಿದೆ. ಮಗುವು ಅಳುವುದೆಂದು ಅಜ್ಜಿಯ ಕೈಯಲ್ಲಿ ಅದಕ್ಕೆ ಕಾಗೆ ಗುಬ್ಬಿಗಳನ್ನು ತೋರಿಸಲು ಹೇಳಿ, ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಹೋಗಿಬಿಡುತ್ತಾಳೆ. ಊಟಕ್ಕೆ ಒಲ್ಲದ ಮಗುವಿಗೆ ಗುಮ್ಮನನ್ನು ಕರೆಯುವೆನೆಂದು ಹೆದರಿಸುತ್ತಾರೆ. ಗುಮ್ಮನಿಲ್ಲವೆಂದು ಹೆದರಿಸುವವರಿಗೆ ಗೊತ್ತು. ಬಾಗಿಲಿಗೆ ಬಂದ ಸಾಲಗಾರನಿಗೆ ‘ಅಪ್ಪ ಮನೆಯಲ್ಲಿಲ್ಲ’ ಎಂದು ಹೇಳಲು ಮಗುವನ್ನೇ ಕಳಿಸುತ್ತಾರೆ. ಅದೇ ರಾತ್ರಿ ಅದೇ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪುಣ್ಯಕೋಟಿಯ ಕಥೆಯನ್ನು ಹೇಳುತ್ತಾರೆ. ಮಗುವು ತನ್ನೊಳಗೆ ಎರಡನ್ನೂ ಕೂಡಿಡುತ್ತದೆ. ಸತ್ಯವೆಂಬುದು ಹಾಡಿನೊಳಗಿನ ಹಸುವಿಗೆ ಸೇರಿದ್ದು, ಮನೆಯೊಳಗಿನ ಮನುಷ್ಯರಿಗಲ್ಲವೆಂಬುದು ಅದು ಕಲಿಯುವ ನೀತಿ. ಕಥೆಯನ್ನೇ ಹೇಳದಿದ್ದರೂ ಇಷ್ಟು ಹಾನಿಯಾಗುತ್ತಿರಲಿಲ್ಲ.

ಕುವೆಂಪು ಅವರು ಬ್ರೌನಿಂಗ್ ಕವಿಯ ಕವನವನ್ನಾಧರಿಸಿ ಮಕ್ಕಳಿಗಾಗಿ ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿಯೂ ಇದೇ ತತ್ತ್ವವು ಬೇರೊಂದು ರೀತಿಯಿಂದ ಗೋಚರಿಸುತ್ತದೆ. ಇಲಿಗಳ ಕಾಟವನ್ನು ನೀಗಿಸಿದರೆ ಹಣ ಕೊಡುವೆನೆಂದು ಗೌಡನು ಮಾತು ಕೊಡುತ್ತಾನೆ; ಕೆಲಸವಾದ ಮೇಲೆ ಮಾತಿಗೆ ತಪ್ಪುತ್ತಾನೆ. ಜೋಗಿಯು ಕಿಂದರಿಯನ್ನು ನುಡಿಸುತ್ತ ಊರ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುತ್ತಾನೆ. ವಚನಭಂಗ ಮಾಡಿದವರು ಹಿರಿಯರು, ಕಳೆದುಹೋದವರು ಮಕ್ಕಳು. ಮಕ್ಕಳಿಗೆ ಈ ಪದ್ಯವು ಇಲಿಗಳ ಕುಣಿತದಿಂದ, ಕಿಂದರಿಯ ನಾದದಿಂದ ಪ್ರಿಯವಾಗಿದೆ, ಹಾಗೆಯೇ ಇರಲಿ. ಅದನ್ನು ಓದಿ ಹೇಳುವ ತಂದೆತಾಯಿಗಳಿಗೆ ಮಾತ್ರ ಅದು ಎಚ್ಚರಿಕೆಯ ಕಥೆಯಾಗಿದೆ. ಮಾತಿಗೆ ತಪ್ಪುವ ಹಿರಿಯರಿಂದ ಮಕ್ಕಳು ದೂರ ಹೋಗಲು ಜೋಗಿಯೇ ಬರಬೇಕೆಂದಿಲ್ಲ. ಮನೆಯೊಳಗಿದ್ದುಕೊಂಡೇ ಅವರು ದೂರವಾಗಬಲ್ಲರು.

ಶಿವಭಕ್ತರ ಕಥೆಗಳಲ್ಲಿ ಈ ವಿಷಯಕ್ಕೆ ಅತ್ಯಂತ ನಿಕಟವಾದುದು ಹರಿಹರನು ರಗಳೆಯಲ್ಲಿ ಹಾಡಿದ ಕೋಳೂರ ಕೊಡಗೂಸಿನ ಕಥೆ. ಊರಿಗೆ ಹೊರಟ ತಂದೆಯು ಶಿವನಿಗೆ ಹಾಲನ್ನು ನಿವೇದಿಸುವ ನಿತ್ಯಕಾರ್ಯವನ್ನು ಎಳೆಯ ಮಗಳಿಗೆ ವಹಿಸುತ್ತಾನೆ. ಶಿವನಿಗೆ ಹಾಲು ಕೊಡು ಎಂದರೆ ಶಿವನು ಕುಡಿಯುವನೆಂದೇ ಅವಳು ತಿಳಿದಳು. ಕುಡಿಯದಿದ್ದಾಗ ಬೇಡಿದಳು, ಅತ್ತಳು, ತಲೆಯನ್ನೇ ಒಡೆದುಕೊಳ್ಳಲು ಹೋದಳು; ಶಿವನು ಕುಡಿದನು. ಮರಳಿ ಬಂದ ತಂದೆಯು ಹಾಲೆಲ್ಲಿ ಎಂದು ಕೇಳಿದಾಗ ನಡೆದುದನ್ನು ನಡೆದಂತೆ ಹೇಳಿದಳು. ತಂದೆಯು ನಂಬಲಿಲ್ಲ. ಗದರಿಸಿದನು, ಹೊಡೆಯಲು ಬಂದನು. ಕಡೆಗೆ ಮಗಳು ಲಿಂಗದಲ್ಲಿ ಐಕ್ಯಳಾದಳು.

ಇದನ್ನು ಮುಗ್ಧಭಕ್ತಿಯ ಮಹಿಮೆಯೆಂದು ಕೊಂಡಾಡುವುದು ಯುಕ್ತವೇ ಸರಿ. ಆದರೆ ತಂದೆಯ ಕಡೆಗೂ ದೃಷ್ಟಿಯನ್ನು ಹಾಯಿಸಬೇಕು. ಅವನು ಮಗಳಿಗೆ ಸುಳ್ಳು ಹೇಳಲಿಲ್ಲ, ಕೆಟ್ಟದ್ದನ್ನೂ ಕಲಿಸಲಿಲ್ಲ. ದಿನವೂ ಹಾಲನ್ನು ನೀಡುತ್ತಿದ್ದವನು ಅವನೇ. ಆದರೂ ತಾನಾಡಿದ ಮಾತು ಮಗಳ ಬಾಯಿಂದ ನಿಜವಾಗಿ ಹಿಂದಿರುಗಿದಾಗ ಅದನ್ನು ಗುರುತಿಸಲಾರದೆ ಹೋದನು. ಅವನ ನಾಲಗೆಯಲ್ಲಿದ್ದುದು ಅವಳ ಪ್ರಾಣದಲ್ಲಿತ್ತು. ಮಕ್ಕಳಿಗೆ ನೀತಿಕಥೆ ಹೇಳುವ ಪ್ರತಿಯೊಬ್ಬ ಹಿರಿಯನೂ ಈ ತಂದೆಯ ಸ್ಥಾನದಲ್ಲಿದ್ದಾನೆ. ಹಸಿದವರಿಗೆ ಅನ್ನವಿಡಬೇಕೆಂಬ ಕಥೆಯನ್ನು ಕೇಳಿದ ಮಗುವು ಮರುದಿನ ತನ್ನ ತಟ್ಟೆಯ ರೊಟ್ಟಿಯನ್ನು ಬೀದಿಯಲ್ಲಿ ನಿಂತವನಿಗೆ ಕೊಟ್ಟರೆ, ಅದನ್ನು ಗದರಿಸುವವರು ಕಥೆ ಹೇಳಿದವರೇ ಆಗಿರುತ್ತಾರೆ.

ಶರಣರು ನಡೆನುಡಿಗಳ ಐಕ್ಯವನ್ನು ಅಷ್ಟೊಂದು ಒತ್ತಿ ಹೇಳಿದುದರ ಮರ್ಮವು ಇಲ್ಲಿ ತಿಳಿಯುತ್ತದೆ. ಮಾತು ಎಷ್ಟೇ ಸೊಗಸಾಗಿದ್ದರೂ ಅದಕ್ಕೆ ತಕ್ಕ ಬಾಳಿಲ್ಲದವನಿಗೆ ದೇವನೊಲಿಯನೆಂದು ಬಸವಣ್ಣನವರು ಸಾರಿದರು. ದೇವನ ಮಾತು ಹಾಗಿರಲಿ. ತೊಡೆಯ ಮೇಲಿನ ಶಿಶುವೂ ಒಲಿಯದು. ವಯಸ್ಕರು ಒಬ್ಬನ ನುಡಿಯನ್ನೂ ನಡೆಯನ್ನೂ ಬೇರೆಬೇರೆಯಾಗಿ ತೂಗಿ, ಒಂದನ್ನು ಮೆಚ್ಚಿ ಇನ್ನೊಂದನ್ನು ಕ್ಷಮಿಸಬಲ್ಲರು. ಶಿಶುವಿಗೆ ಆ ಸಾಮರ್ಥ್ಯವಿಲ್ಲ. ಅದಕ್ಕೆ ತಾಯಿಯ ನುಡಿಯೂ ನಡೆಯೂ ಕೂಡಿ ಒಂದೇ ಪಾಠ.

ಇಲ್ಲಿ ಒಂದು ಆಕ್ಷೇಪವು ಸಹಜ. ಹಸು ಮಾತಾಡಿತೆಂಬುದೇ ಸುಳ್ಳಲ್ಲವೆ? ಸುಳ್ಳಿನಿಂದ ಸತ್ಯವನ್ನು ಕಲಿಸಬಹುದೆ? ಅಮೆರಿಕದ ವಾಷಿಂಗ್ಟನ್ ಬಾಲ್ಯದಲ್ಲಿ ತಂದೆಯ ಚೆರಿ ಮರವನ್ನು ಕಡಿದು, ಕೇಳಿದಾಗ ನಿಜವನ್ನೊಪ್ಪಿಕೊಂಡನೆಂಬ ಪ್ರಸಿದ್ಧ ಕಥೆಯೂ ಕಲ್ಪಿತವೇ. ವೀಮ್ಸ್ ಎಂಬ ಪಾದ್ರಿಯು ತಾನು ಬರೆದ ವಾಷಿಂಗ್ಟನ್ನನ ಚರಿತ್ರೆಯ 1806ರ ಮುದ್ರಣದಲ್ಲಿ ಅದನ್ನು ಸೇರಿಸಿದನು. ನಡೆಯದುದನ್ನು ಚರಿತ್ರೆಯೆಂದು ಬರೆದುದು ವೀಮ್ಸನ ದೋಷ. ಕಥೆಯನ್ನು ಕಥೆಯೆಂದೇ ಹೇಳುವುದು ಸುಳ್ಳಲ್ಲ. ‘ಒಂದಾನೊಂದು ಕಾಲದಲ್ಲಿ’ ಎಂದೊಡನೆ ಹೇಳುವವರೂ ಕೇಳುವವರೂ ಒಡಂಬಟ್ಟು ಆ ಲೋಕವನ್ನು ಹೊಗುತ್ತಾರೆ. ಗುಮ್ಮನ ಬೆದರಿಕೆಯಲ್ಲಿ ಆ ಒಡಂಬಡಿಕೆಯಿಲ್ಲ. ಅದು ಕಥೆಯ ವೇಷದ ವಂಚನೆ.

ಇದೇ ಚೆರಿ ಮರದ ಕಥೆಯನ್ನು ಕುರಿತು ಕಾಂಗ್ ಲೀ ಮೊದಲಾದ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಮನನೀಯವಾಗಿದೆ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಆಟಿಕೆಯೊಂದನ್ನು ಇಣಿಕಿ ನೋಡಬಾರದೆಂದು ಹೇಳಿ ಒಬ್ಬೊಬ್ಬರನ್ನೇ ಬಿಟ್ಟು ಹೋಗಿ, ತರುವಾಯ ಒಂದು ಕಥೆಯನ್ನೋದಿ, ಇಣಿಕಿದೆಯಾ ಎಂದು ಕೇಳಲಾಯಿತು. ತೋಳ ಬಂತೆಂದು ಸುಳ್ಳು ಕೂಗಿದ ಹುಡುಗನ ಕಥೆಯಾಗಲಿ, ಸುಳ್ಳಾಡಿದಾಗ ಮೂಗು ಬೆಳೆಯುವ ಬೊಂಬೆಯ ಕಥೆಯಾಗಲಿ ಮಕ್ಕಳನ್ನು ಸತ್ಯದ ಕಡೆಗೆ ಒಲಿಸಲಿಲ್ಲ. ನಿಜವನ್ನೊಪ್ಪಿದ ಮಗನನ್ನು ತಂದೆಯು ಮೆಚ್ಚಿಕೊಂಡ ಚೆರಿ ಮರದ ಕಥೆಯು ಒಲಿಸಿತು. ಆ ಕಥೆಯ ಕೊನೆಯನ್ನು ಬದಲಿಸಿ ಕೇಡಿನಲ್ಲಿ ಮುಗಿಸಿದಾಗ ಅದರ ಪ್ರಭಾವವೂ ಇಲ್ಲವಾಯಿತು. ಹಾಗಾದರೆ ಎಳೆಯ ಮಗುವನ್ನು ಸತ್ಯದ ಕಡೆಗೆ ಸೆಳೆಯುವುದು ಸುಳ್ಳಿನ ಶಿಕ್ಷೆಯ ಭಯವಲ್ಲ. ಸತ್ಯಕ್ಕೆ ಹಿರಿಯರ ಮಡಿಲಿನಲ್ಲಿ ಇಂಬುಂಟೆಂಬ ಭರವಸೆ. ಮಗನು ‘ನಾನೇ ಒಡೆದೆ’ ಎಂದೊಡನೆ ಬಾರಿಸುವ ಮನೆಯಲ್ಲಿ ಆ ಕಥೆಯನ್ನು ಎಷ್ಟು ಸಲ ಹೇಳಿದರೂ ವ್ಯರ್ಥ.

ಮತ್ತೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಕಥೆ ಹೇಳುವವರು ಕಥೆಯಂತೆಯೇ ಬಾಳಬೇಕೆಂದರೆ ಯಾರು ತಾನೇ ಕಥೆ ಹೇಳಬಲ್ಲರು? ದಿನದ ದುಡಿಮೆಯಲ್ಲಿ ಬೆಂದು ಬಂದ ತಾಯಿಯು ಒಮ್ಮೆಯೂ ಮಾತಿಗೆ ತಪ್ಪಬಾರದೆಂಬ ನಿಯಮವು ಕ್ರೂರವಲ್ಲವೆ? ಕ್ರೂರವೇ ಸರಿ. ಆದರೆ ಬೇಕಾಗಿರುವುದು ತಪ್ಪದಿರುವ ಬಾಳಲ್ಲ. ತಪ್ಪಿದುದನ್ನು ಮಗುವಿನ ಮುಂದೆಯೂ ಒಪ್ಪಿಕೊಳ್ಳುವ ಬಾಳು. ‘ಇಂದು ಬೇಗ ಬರುವೆನೆಂದು ಹೇಳಿದ್ದೆ, ಬರಲಾಗಲಿಲ್ಲ; ನೀನು ಕಾಯುತ್ತಿದ್ದೆ, ತಪ್ಪಾಯಿತು ಕಂದ’ ಎಂಬ ಒಂದು ಮಾತು ನೂರು ನೀತಿಕಥೆಗಳಿಗೆ ಸಮನಾದುದು. ಹಿರಿಯರಿಗೆ ಇದು ಕೀಳಾಗಿ ತೋರಬಹುದು. ತಮ್ಮ ಕುಂದನ್ನು ಶಿವನ ಮುಂದೆ ತೆರೆದಿಟ್ಟ ಶರಣರಿಗೆ ಅದು ಕೀಳಾಗಿ ತೋರಲಿಲ್ಲ.

ಕಥೆ ಹೇಳುವ ಕ್ರಮವೂ ಇದರಿಂದಲೇ ಸಿದ್ಧಿಸುತ್ತದೆ. ಕಥೆಯ ಕೊನೆಗೆ ನೀತಿಯನ್ನು ಅಂಟಿಸಬೇಕಾಗಿಲ್ಲ. ಮಗುವು ಕೇಳಿದರೆ ಮಾತ್ರ ಉತ್ತರವನ್ನು ಕೊಡತಕ್ಕದ್ದು. ‘ಹುಲಿಯು ಏಕೆ ಸತ್ತಿತು?’ ಎಂದು ಅದು ಕೇಳಿಯೇ ಕೇಳುತ್ತದೆ. ಕೆಟ್ಟದ್ದಾದುದರಿಂದ ಸತ್ತಿತೆಂದು ಹೇಳಿ ಮುಗಿಸುವುದು ಕಥೆಗೆ ಮಾಡಿದ ಅಪಚಾರ. ಆ ಹುಲಿಯು ಹಸಿದಿತ್ತು, ಹಸುವಿನ ಸತ್ಯವನ್ನು ಕಂಡು ನಾಚಿತು, ತನ್ನನ್ನು ತಾನು ಕ್ಷಮಿಸಿಕೊಳ್ಳಲಾರದೆ ಹೋಯಿತು. ಮಗುವು ಹುಲಿಗಾಗಿಯೂ ಅತ್ತರೆ ಅಳಲಿ. ದಯೆಯು ಆ ಕಣ್ಣೀರಿನಲ್ಲಿಯೇ ಮೊಳೆಯುತ್ತದೆ. ಕೊಡಗೂಸಿನ ಕಥೆಯಲ್ಲಿ ಶಿವನು ಹಾಲು ಕುಡಿದವರೆಗಿನ ಭಾಗವು ಎಳೆಯರಿಗೆ ಸಾಕು. ಉಳಿದುದು ಹಿರಿಯರು ತಾವೇ ಓದಿಕೊಳ್ಳಬೇಕಾದುದು. ಒಂದೇ ಕಥೆಯನ್ನು ಮಗುವು ಹತ್ತು ದಿನ ಕೇಳಿದರೆ ಹತ್ತು ದಿನವೂ ಹೇಳಬೇಕು. ಕೇಳುವುದೂ ಒಂದು ಬಗೆಯ ಪರೀಕ್ಷೆಯೇ, ಹೇಳುವವರ ಮಾತು ನಿನ್ನೆಯಂತೆ ಇಂದೂ ಇದೆಯೇ ಎಂಬುದರ ಪರೀಕ್ಷೆ.

ಆದುದರಿಂದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಸ್ಪಷ್ಟವಾಗಿದೆ. ಕಥೆಯು ಮೊದಲು ಕಟ್ಟುವುದು ಹೇಳಿದವರನ್ನು. ನಾಳೆ ಬೆಳಗ್ಗೆ ಕೆಲಸಕ್ಕೆ ಹೊರಡುವ ತಾಯಿಯು ಹಿತ್ತಿಲ ಬಾಗಿಲನ್ನು ಬಿಟ್ಟು ಮುಂಬಾಗಿಲಿಗೆ ಬಂದು, ಮಗುವಿನೆದುರು ಕುಳಿತು, ‘ಹೋಗುತ್ತೇನೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ’ ಎಂದು ಹೇಳಲಿ. ಮಗುವು ಅಳುತ್ತದೆ, ಕರುವೂ ಅತ್ತಿತು. ದೀಪ ಹಚ್ಚುವ ಹೊತ್ತಿಗೆ ಆಕೆಯು ಹಿಂದಿರುಗಿದರೆ, ಆ ರಾತ್ರಿ ಪುಣ್ಯಕೋಟಿಯ ಕಥೆಯನ್ನು ಹೇಳುವ ಅಧಿಕಾರವು ಆಕೆಗೆ ಉಂಟು. ಕೇಳುವ ಮಗುವಿಗೆ ಅದರ ಅರ್ಥವು ಆಗಲೇ ತಿಳಿದಿರುತ್ತದೆ.