ವರಾಡದ ಲೆಕ್ಕ, ಅನುದಾನದ ಲೆಕ್ಕ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಸೀಮೆಯಲ್ಲಿ ಹಬ್ಬಕ್ಕೆ ವರಾಡ ಎತ್ತುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮನೆಗಿಷ್ಟು ಎಂದು ಗೊತ್ತುಮಾಡಿ ವಸೂಲು ಮಾಡುತ್ತಾರೆ. ಹಬ್ಬ ಮುಗಿದ ಮೇಲೆ ಯಜಮಾನರು ಚಾವಡಿಯಲ್ಲಿ ಲೆಕ್ಕ ಒಪ್ಪಿಸಬೇಕು. ವಾದ್ಯದವರಿಗೆ ಎಷ್ಟು, ಸೀರಿಯಲ್ ಸೆಟ್ಟಿಗೆ ಎಷ್ಟು, ಹೂವಿಗೆ ಎಷ್ಟು ಎಂದು ಓದುತ್ತಾ ಹೋದಂತೆ ಗುಂಪಿನೊಳಗಿಂದ ಒಬ್ಬರು ತಡೆಯುತ್ತಾರೆ: ಚೆಂಡುಹೂವು ನಮ್ಮೂರ ಹೊಲದಲ್ಲೇ ಬಿದ್ದಿದೆಯಲ್ಲ, ಅದಕ್ಕೇಕೆ ಇಷ್ಟು ದುಡ್ಡು? ಉತ್ತರ ಸಿಗುವವರೆಗೂ ಪುಟ ಮಗುಚಲು ಬಿಡುವುದಿಲ್ಲ.

ಅದೇ ನಾವು ಪಂಚಾಯಿತಿಯ ಆಯವ್ಯಯ ಓದುವಾಗ ಏಕೆ ಸುಮ್ಮನಿರುತ್ತೇವೆ? ಗ್ರಾಮಸಭೆಯಲ್ಲಿ ಮನೆ ಹಂಚಿಕೆಯ ಪಟ್ಟಿ ಬಂದರೆ ಕಾಲಿಡಲು ಜಾಗವಿರುವುದಿಲ್ಲ, ಜಮಾಖರ್ಚು ಓದಲು ಶುರುಮಾಡಿದರೆ ಶಾಮಿಯಾನದಡಿ ಖಾಲಿ ಕುರ್ಚಿಗಳು. ಲೆಕ್ಕ ಬಾರದವರಲ್ಲ ನಾವು. ವರಾಡ ನಮ್ಮ ಜೇಬಿನದು, ಅನುದಾನ ಸರ್ಕಾರದ್ದು ಎಂದು ನಂಬಿಕೊಂಡಿದ್ದೇವೆ, ಅಷ್ಟೆ. ಯಾರದೋ ಹಣದ ಲೆಕ್ಕ ಕೇಳಲು ನಾವು ಯಾರು?

ಆದರೆ ಸರ್ಕಾರಕ್ಕೆ ಅದು ಎಲ್ಲಿಂದ ಬಂತು? ಬೆಂಕಿಪೊಟ್ಟಣ, ಸೋಪು, ಬಸ್ಸಿನ ಡೀಸೆಲ್ಲು, ಯಾವುದಕ್ಕೆ ತೆರಿಗೆಯಿಲ್ಲ? ಸ್ವಂತ ಸೂರಿಲ್ಲದ ಕೂಲಿಯವಳೂ ತೆರಿಗೆ ಕೊಡದೆ ತಿಂಗಳು ದೂಡಲಾರಳು. ಅವಳ ದುಡ್ಡು ಸುತ್ತುಬಳಸಿ, ದೊಡ್ಡ ಖಜಾನೆಗಳನ್ನು ಹೊಕ್ಕು ಹೊರಬಂದು, ಅನುದಾನವೆಂಬ ಹೆಸರಿನಲ್ಲಿ ಊರಿಗೆ ಮರಳುತ್ತದೆ. ದೂರದ ದಾರಿಯಲ್ಲಿ ಬಂದದ್ದರಿಂದ ನಮಗೆ ಗುರುತು ಹತ್ತುವುದಿಲ್ಲ.

ಮರಳುವಾಗ ಷರತ್ತುಗಳನ್ನೂ ಹೊತ್ತು ತರುತ್ತದೆ. 15ನೇ ಹಣಕಾಸು ಆಯೋಗದ ಹಣದಲ್ಲಿ 2021-22ರಿಂದ ನೂರಕ್ಕೆ 60 ಭಾಗ ನೀರಿಗೆ, ನೈರ್ಮಲ್ಯಕ್ಕೆ ಎಂದು ಮೊದಲೇ ನಿಗದಿಯಾಗಿ ಬಂತು. ಕೊಳವೆಬಾವಿಗಳು ಬತ್ತುವ ಈ ಸೀಮೆಯಲ್ಲಿ ನೀರಿಗೆ ಎತ್ತಿಟ್ಟದ್ದು ತಪ್ಪೆಂದು ಯಾರು ಹೇಳಿಯಾರು? ರಾಜ್ಯದ ಶಾಸನಬದ್ಧ ಅನುದಾನದ ದೊಡ್ಡ ಪಾಲನ್ನು ಬೀದಿದೀಪ, ನೀರಿನ ಮೋಟಾರುಗಳ ಕರೆಂಟ್ ಬಿಲ್ಲೇ ನುಂಗುತ್ತದೆ. ಇನ್ನು ಊರು ಕೂತು ತೀರ್ಮಾನಿಸಲು ಉಳಿಯುವುದೆಷ್ಟು? ತೀರ್ಮಾನಿಸುವಂಥದ್ದು ಏನೂ ಇಲ್ಲದ ಸಭೆಗೆ ಜನ ಬರಲಿಲ್ಲವೆಂದು ದೂರುವ ಮೊದಲು ಬೆಂಗಳೂರು, ದೆಹಲಿಯವರು ಇದನ್ನು ಯೋಚಿಸಬೇಕು.

ಗುಂಡ್ಲುಪೇಟೆಯವರೇ ಆದ ಅಬ್ದುಲ್ ನಜೀರ್ ಸಾಬ್ ಯೋಚಿಸಿದ್ದರು. ಬೋರ್‌ವೆಲ್ ಕೊರೆಸಿದ್ದಕ್ಕೆ ಅವರನ್ನು ನೀರ್ ಸಾಬ್ ಎಂದು ಇಂದಿಗೂ ನೆನೆಯುತ್ತೇವೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದು ಅವರು ತಂದ 1983ರ ಪಂಚಾಯತ್ ಕಾಯ್ದೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಸಂವಿಧಾನದ 73ನೇ ತಿದ್ದುಪಡಿ ಇನ್ನೂ ದೂರವಿದ್ದಾಗಲೇ, 1987ರಲ್ಲಿ, ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆಯಿತು. ಮರುವರ್ಷ ಅವರು ತೀರಿಕೊಂಡರು. ನೀರು ಬಿಂದಿಗೆಗೆ ಬೀಳುವುದು ಕಣ್ಣಿಗೆ ಕಾಣುತ್ತದೆ, ಅಧಿಕಾರ ಊರಿಗೆ ಬಂದದ್ದು ಕಾಣುವುದಿಲ್ಲ. ನಮ್ಮ ಮರೆವಿಗೆ ಅದೇ ಕಾರಣವೋ ಏನೋ.

ವರಾಡದ ಪದ್ಧತಿಯನ್ನು ಬಹಳ ಹೊಗಳುವುದೂ ಸರಿಯಲ್ಲ. ಆ ಚಾವಡಿಯಲ್ಲಿ ಎಲ್ಲರಿಗೂ ಬಾಯಿರಲಿಲ್ಲ. ಹೆಂಗಸರು ದೂರ, ಕೆಲವು ಕೇರಿಗಳವರು ಇನ್ನೂ ದೂರ. ಗ್ರಾಮಸಭೆಗಾದರೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಸದಸ್ಯರು. ಕಂದಾಯ ಬಾಕಿ ಇರುವವರೂ ಎದ್ದು ನಿಂತು ಕೇಳಬಹುದು. ಜಮಾಬಂದಿಯಲ್ಲಿ ವರ್ಷದ ಕಡತ, ವೋಚರುಗಳನ್ನು ಜನರೆದುರು ಬಿಚ್ಚಿಡಬೇಕು. ಬಿಚ್ಚಿಟ್ಟರೆ ಸಾಲದು, ಓದಿದರೆ ತಿಳಿಯುವಂತೆಯೂ ಇರಬೇಕಲ್ಲವೇ? ಲೆಕ್ಕಶೀರ್ಷಿಕೆಗಳ ಭಾಷೆಯಲ್ಲಿ ಟೈಪಿಸಿ ಗೋಡೆಗೆ ಅಂಟಿಸಿದ ಹಾಳೆಯನ್ನು ಪಾರದರ್ಶಕತೆ ಎಂದು ಕರೆಯುವುದು ಸುಲಭದ ಮಾತು.

ಹಾಗಾದರೆ ಎಲ್ಲಿಂದ ಆರಂಭಿಸೋಣ? ಮನೆ ಕಂದಾಯದ ರಸೀದಿಯಿಂದಲೇ ಆಗಬಹುದು. ಮೊತ್ತ ನೋಡಿ ಮಡಚಿಡುವ ನಾವು ಕೆಳಗಿನ ಸಾಲುಗಳನ್ನು ಓದುವುದು ಅಪರೂಪ: ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ನಮ್ಮೂರಿನಿಂದ ವಸೂಲಾದ ಗ್ರಂಥಾಲಯ ಕರ ಈ ವರ್ಷ ಎಷ್ಟು, ಅದು ಎಲ್ಲಿಗೆ ಹೋಯಿತು, ಊರಿನ ಪುಸ್ತಕದ ಬೀರುವಿಗೆ ಅದರಲ್ಲಿ ಏನು ಬಂತು? ಮುಂದಿನ ಜಮಾಬಂದಿಗೆ ಇದೊಂದೇ ಪ್ರಶ್ನೆ ಒಯ್ದರೂ ಸಾಕು. ಉತ್ತರ ಹುಡುಕಲು ಪಿಡಿಒ ಅವರಿಗೂ ಒಂದಿಷ್ಟು ಹೊತ್ತು ಹಿಡಿದೀತು. ಅಷ್ಟು ಹೊತ್ತು ನಾವು ಕುರ್ಚಿ ಬಿಟ್ಟು ಏಳದಿದ್ದರಾಯಿತು.