ಮೀನು ಎಚ್ಚೆತ್ತರೆ ದ್ವೀಪದ ಗತಿಯೇನು?

1993ರಲ್ಲಿ ಗೇಮ್ ಬಾಯ್‌ನ ಬಣ್ಣಗೆಟ್ಟ ಪುಟ್ಟ ಪರದೆಗೆ ಬಂದ ‘ಲಿಂಕ್ಸ್ ಅವೇಕನಿಂಗ್’ ಆಟವನ್ನು ನಿಂಟೆಂಡೊ 2019ರಲ್ಲಿ ಸ್ವಿಚ್‌ಗಾಗಿ ಹೊಸದಾಗಿ ತಂದಿತು. ಈಗ ಅಲ್ಲಿ ಮರ, ಮನೆ, ಮನುಷ್ಯರೆಲ್ಲ ಹೊಳಪಿನ ಬೊಂಬೆಗಳು. ಕಥೆ ಮಾತ್ರ ಹಳೆಯದೇ. ಹಡಗೊಡೆದು ಕೊಹೊಲಿಂಟ್ ದ್ವೀಪ ಸೇರಿದ ಕಥಾನಾಯಕ ಲಿಂಕ್, ಎಂಟು ವಾದ್ಯ ಕೂಡಿಸಿ, ಬೆಟ್ಟದ ಮೇಲಿನ ಮೊಟ್ಟೆಯಲ್ಲಿ ಮಲಗಿದ ವಿಂಡ್ ಫಿಶ್‌ ಅನ್ನು ಎಬ್ಬಿಸಬೇಕು. ಆದರೆ ಇಡೀ ದ್ವೀಪವೇ ಆ ಮೀನಿನ ಕನಸು! ಅದು ಎದ್ದರೆ, ಹಾಡುವ ಹುಡುಗಿ ಮರಿನ್ ಕೂಡ ಇಲ್ಲ.

ಎಚ್ಚರದ ಲೋಕವೂ ಕನಸಿನಂತೆಯೇ ಮಿಥ್ಯೆ ಎನ್ನುತ್ತಾರೆ ಅದ್ವೈತಿ ಗೌಡಪಾದರು. ಹೊರಲೋಕವೆಲ್ಲ ಬರೀ ಅರಿವಿನ ತೋರಿಕೆ ಎನ್ನುವ ವಿಜ್ಞಾನವಾದಿ ಬೌದ್ಧರೊಡನೆ ವಾದಕ್ಕಿಳಿದ ಶಂಕರರು, ಎರಡೂ ಒಂದೇ ಅಲ್ಲ, ಎದ್ದಾಗ ಕನಸು ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿಯುತ್ತದೆ ಎನ್ನುತ್ತಾರೆ. ಸರಿ, ಒಪ್ಪೋಣ. ನನ್ನನ್ನು ಕಾಡುವುದು ಕನಸಿನೊಳಗಿನವರ ಪಾಡು. ಎದ್ದವನಿಗೆ ಬಿಡುಗಡೆಯಾದದ್ದು ಅವರಿಗೆ ಪ್ರಳಯ. ನಮ್ಮ ವೇದಾಂತದ ತರಗತಿಯಲ್ಲಿ ಮಬ್ಬಿನಲ್ಲಿ ಹಗ್ಗವೇ ಹಾವಾಗಿ ಕಾಣುವ ದೃಷ್ಟಾಂತದ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. ಹಾವಿನ ಪರವಾಗಿ ಯಾರೂ ಬಾಯಿ ಬಿಡಲಿಲ್ಲ.

ಈ ಆಟ ಆಡಿದ ನನ್ನ ಮಗಳು ಕೊನೆಯ ವಾದ್ಯ ಸಿಕ್ಕ ಮೇಲೂ ಬೆಟ್ಟ ಹತ್ತಲಿಲ್ಲ. ಕೋಳಿಗಳನ್ನು ಕೆಣಕುತ್ತ ಹಳ್ಳಿಯಲ್ಲೇ ಅಲೆದಳು. ಅದು ಸೋಮಾರಿತನವಲ್ಲ, ಕರುಣೆ. ಮರುರೂಪ ಕೊಟ್ಟವರು ಬಣ್ಣ ತುಂಬಿದರು, ಅಂತ್ಯ ತಿದ್ದಲಿಲ್ಲ; ದ್ವೀಪ ಈಗಲೂ ಕರಗಿಯೇ ಹೋಗುತ್ತದೆ. ಅವರು ಮಾಡಿದ್ದೇ ಸರಿ.