ಮೋಡದ ಕೆಳಗೆ ಒಬ್ಬನೇ

ಅಂಗಳದಲ್ಲಿ ಒಬ್ಬ ನಿಂತಿದ್ದಾನೆ. ಮರಗಳು ತೂಗಾಡುತ್ತಿವೆ, ದಿಗಂತದ ತುಂಬ ಮೋಡ ಕವಿದು ಬರುತ್ತಿದೆ. ನಾಲ್ಕು ಹನಿ ಬೀಳುತ್ತವೆ. ಕೈಮೇಲೆ ಬಿದ್ದದ್ದನ್ನು ಅವನು ಬೆರಳಿಂದ ತಿಕ್ಕಿ ನೋಡುತ್ತಾನೆ. ಮಳೆನೀರಿನ ಹಾಗಿಲ್ಲ ಅದು. ಡಬ್ಬಿಯಿಂದ ಆಗತಾನೇ ಸುರಿದ ಎಂಜಿನ್ ಆಯಿಲಿನಂತೆ ಕಂದು ಬಣ್ಣ, ಜಿಡ್ಡು. ಮರುಕ್ಷಣ ಅವನು ಬಚ್ಚಲಲ್ಲಿ ಶವರಿನ ಕೆಳಗಿದ್ದಾನೆ. ಆಮೇಲೆ ಹೆಂಡತಿ ಮಗಳ ಜೊತೆ ಬೆಳಗಿನ ತಿಂಡಿಗೆ ಬರುತ್ತಾನೆ. ಕಂಡದ್ದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಜೆಫ್ ನಿಕೋಲ್ಸ್ ಬರೆದು ನಿರ್ದೇಶಿಸಿದ ‘ಟೇಕ್ ಶೆಲ್ಟರ್’ ಎಂಬ 2011ರ ಚಿತ್ರ ಹೀಗೆ ಶುರುವಾಗುತ್ತದೆ. ಪ್ರಳಯದ ಭಯ ಹೊತ್ತ ಒಬ್ಬ ಸಂಸಾರಿಯ ಕಥೆ ಎಂದು ಎಲ್ಲರೂ ಇದನ್ನು ಪರಿಚಯಿಸುತ್ತಾರೆ. ಆ ಮಾತು ಸರಿಯೇ. ಆದರೆ ನನ್ನ ಮಟ್ಟಿಗೆ ಇದು ಬೆರಗಿನ ಬಗೆಗಿನ ಚಿತ್ರ. ಬೆರಗು ಹಂಚಿಕೊಳ್ಳಲು ಯಾರೂ ಸಿಗದಿದ್ದಾಗ ಒಬ್ಬ ಒಳ್ಳೆಯ ಮನುಷ್ಯನಿಗೆ ಏನಾಗುತ್ತದೆ ಎಂಬುದರ ಚಿತ್ರ.

ಅವನ ಹೆಸರು ಕರ್ಟಿಸ್. ವಯಸ್ಸು ಮೂವತ್ತೈದು. ಅಮೆರಿಕದ ಓಹಾಯೊ ರಾಜ್ಯದ ಲಗ್ರಾಂಜ್ ಎಂಬ ಸಣ್ಣ ಊರಿನಲ್ಲಿ, ಮರಳು ತೆಗೆಯುವ ಕಂಪನಿಯೊಂದರಲ್ಲಿ ಭೂಮಿ ಕೊರೆಯುವ ತಂಡದ ಮುಖ್ಯಸ್ಥ. ಹೆಂಡತಿ ಸಮಂತಾ ಬಟ್ಟೆಯ ಮೇಲೆ ಕಸೂತಿ ಹಾಕಿ ಸಂತೆಯಲ್ಲಿ ಮಾರುತ್ತಾಳೆ, ಬಂದ ಪುಡಿಗಾಸನ್ನು ಸಮುದ್ರತೀರದ ರಜೆಗೆಂದು ಕೂಡಿಡುತ್ತಾಳೆ. ಮಗಳು ಹ್ಯಾನಾಗೆ ಕಿವಿ ಕೇಳಿಸದು. ರಾತ್ರಿ ಮಲಗಿದ ಮಗಳನ್ನು ಬಾಗಿಲಲ್ಲಿ ನಿಂತು ನೋಡುತ್ತ ಗಂಡ ಹೆಂಡಿರು ಆಡುವ ಎರಡು ಮಾತು ಈ ಚಿತ್ರದಲ್ಲಿ ನನಗೆ ಬಹಳ ಇಷ್ಟ. ಮಗು ಎದ್ದುಬಿಟ್ಟೀತೆಂದು ನಾನು ಈಗಲೂ ಬೂಟು ಬಿಚ್ಚಿಯೇ ಬರುತ್ತೇನೆ ಎನ್ನುತ್ತಾನೆ ಅವನು. ನಾನು ಈಗಲೂ ಪಿಸುಮಾತಲ್ಲೇ ಮಾತಾಡುತ್ತೇನೆ ಎನ್ನುತ್ತಾಳೆ ಅವಳು. ಕೇಳಿಸದ ಮಗುವಿನ ನಿದ್ದೆಯನ್ನು ಕಾಯುವ ಈ ಇಬ್ಬರನ್ನು ಕಂಡ ಮೇಲೆ, ಮುಂದೆ ಅವರ ಮನೆಯೊಳಗೆ ಏನೇ ನಡೆದರೂ ನಾವು ಹೊರಗಿನವರಾಗಿ ನೋಡಲಾರೆವು.

ಕರ್ಟಿಸನ ಗೆಳೆಯ, ಜೊತೆ ಕೆಲಸಗಾರ ಡ್ಯುವರ್ಟ್ ಆರಂಭದಲ್ಲೇ ಅವನಿಗೆ ಹೇಳುತ್ತಾನೆ: ನಿನ್ನದು ಒಳ್ಳೆಯ ಬದುಕು, ಒಬ್ಬ ಗಂಡಸಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ ಎಂದು. ಕರ್ಟಿಸನ ಭಯದ ಬೇರು ಇರುವುದು ಇಲ್ಲೇ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಪ್ರಳಯದ ಕನಸು ಬಿದ್ದರೂ ಅದು ಇಷ್ಟು ಕಾಡದು. ಕರ್ಟಿಸನಿಗೆ ಬೀಳುವ ಕನಸುಗಳಲ್ಲಿ ಅವನು ಪ್ರೀತಿಸುವುದೆಲ್ಲ ಒಂದೊಂದಾಗಿ ತಿರುಗಿ ಬೀಳುತ್ತದೆ. ಮೊದಲು ಮನೆಯ ನಾಯಿ ತೋಳಿಗೆ ಬಾಯಿ ಹಾಕುತ್ತದೆ. ಎಚ್ಚರವಾದ ಮೇಲೂ ತೋಳಿನ ನೋವು ದಿನವಿಡೀ ಹೋಗುವುದಿಲ್ಲ. ಆಮೇಲೆ ಡ್ಯುವರ್ಟ್. ಕೊನೆಗೆ ಅಡುಗೆಮನೆಯಲ್ಲಿ ತೊಯ್ದು ನಿಂತ ಸಮಂತಾ. ನಾಯಿಯನ್ನು ಅವನು ಮನೆಯಿಂದ ಹೊರಗೆ ಕಟ್ಟುತ್ತಾನೆ, ಕಡೆಗೆ ಅಣ್ಣನಿಗೆ ಕೊಟ್ಟುಬಿಡುತ್ತಾನೆ. ಗೆಳೆಯನನ್ನು ತಂಡದಿಂದ ದೂರ ಸರಿಸುತ್ತಾನೆ. ಹೆಂಡತಿ ಮುಟ್ಟಿದರೆ ಬೆಚ್ಚುತ್ತಾನೆ. ಕಾಪಾಡಬೇಕಾದವರನ್ನೇ ಅವನು ದೂರ ಇಡತೊಡಗಿದ್ದು ನೋಡುವವರ ಎದೆಯನ್ನು ಹಿಂಡುತ್ತದೆ.

ಒಂದು ರಾತ್ರಿ ಅವನು ಕಾರು ಓಡಿಸುತ್ತಿದ್ದಾನೆ. ಹೆಂಡತಿ ಮಗಳು ಒಳಗೆ ನಿದ್ದೆಹೋಗಿದ್ದಾರೆ. ದೂರದ ಆಕಾಶದಲ್ಲಿ ಮಿಂಚಿನ ಮೇಲೆ ಮಿಂಚು. ಕಾರು ನಿಲ್ಲಿಸಿ, ಇಳಿದು, ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಾನೆ. ಇದನ್ನು ಬೇರೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಾನೆ. ಮೈಕಲ್ ಶ್ಯಾನನ್ ಎಂಬ ನಟ ಈ ಮಾತನ್ನು ಆಡುವಾಗ ಅವನ ಮುಖದಲ್ಲಿರುವುದು ಬರೀ ಹೆದರಿಕೆ ಅಲ್ಲವೇ ಅಲ್ಲ. ಕಣ್ಣು ಕೀಳಲಾಗದ ಸೊಬಗೊಂದು ಅಲ್ಲಿದೆ. ಮಕ್ಕಳು ಕಾಮನಬಿಲ್ಲು ಕಂಡಾಗ ಮೊದಲು ಮಾಡುವ ಕೆಲಸವೆಂದರೆ ಇನ್ನೊಬ್ಬರನ್ನು ಕೂಗುವುದು. ಬೆರಗಿನ ಸ್ವಭಾವವೇ ಹಾಗೆ. ಅದಕ್ಕೆ ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು ಬೇಕು. ಕರ್ಟಿಸ್ ಕೂಗಲಿಲ್ಲ. ಕಾರಿನೊಳಗೆ ಮಲಗಿದ್ದವರನ್ನು ಎಬ್ಬಿಸಲಿಲ್ಲ. ಅವನು ಎಬ್ಬಿಸಿದ್ದರೆ ಕಥೆಯೇ ಬೇರೆಯಾಗುತ್ತಿತ್ತೋ ಏನೋ.

ನಮ್ಮ ಕಾವ್ಯಮೀಮಾಂಸೆ ಅದ್ಭುತವನ್ನೂ ಭಯಾನಕವನ್ನೂ ಎರಡು ಬೇರೆ ರಸಗಳಾಗಿ ಎಣಿಸಿತು. ಒಂದಕ್ಕೆ ವಿಸ್ಮಯ ಸ್ಥಾಯಿಭಾವ, ಇನ್ನೊಂದಕ್ಕೆ ಭಯ. ಭರತನ ಈ ವಿಂಗಡಣೆ ರಂಗಕ್ಕೆ ಅಗತ್ಯವೇ. ಆದರೆ ಎರಡೂ ಒಂದೇ ಗಳಿಗೆಯಲ್ಲಿ ಒಂದೇ ಮನಸ್ಸನ್ನು ಹೊಗುವುದನ್ನು ಗೀತೆಯ ಹನ್ನೊಂದನೆಯ ಅಧ್ಯಾಯ ತೋರಿಸಿದೆ. ವಿಶ್ವರೂಪ ಕಂಡ ಅರ್ಜುನ, ಹಿಂದೆಂದೂ ಕಾಣದ್ದನ್ನು ಕಂಡು ಹರ್ಷವಾಗಿದೆ, ಆದರೆ ಮನಸ್ಸು ಭಯದಿಂದ ತಲ್ಲಣಿಸಿದೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಆ ರೂಪವನ್ನು ಹಿಂದಕ್ಕೆ ತೆಗೆದುಕೋ, ಮೊದಲಿನ ರೂಪದಲ್ಲೇ ಕಾಣಿಸು ಎಂದು ಬೇಡಿಕೊಳ್ಳುತ್ತಾನೆ. ಅಲ್ಲಿ ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅರ್ಜುನ ಅದನ್ನು ಒಬ್ಬನೇ ನೋಡಲಿಲ್ಲ. ವ್ಯಾಸರ ಕೃಪೆಯಿಂದ ಸಂಜಯನೂ ಕಂಡ, ಕಂಡದ್ದನ್ನು ಕುರುಡು ರಾಜನಿಗೆ ಹೇಳಿದ, ನೆನೆನೆನೆದು ಪುಳಕಗೊಂಡ. ಎರಡನೆಯ ಸಾಕ್ಷಿಯೊಬ್ಬ ಇದ್ದದ್ದರಿಂದಲೇ ಅದು ದರ್ಶನವಾಯಿತು. ಒಬ್ಬನೇ ಕಂಡಿದ್ದರೆ ಯುದ್ಧಕ್ಕೆ ಮುಂಚೆ ಕೈಕಾಲು ನಡುಗುತ್ತಿದ್ದ ಯೋಧನೊಬ್ಬನ ಚಿತ್ತಭ್ರಮೆ ಎಂದು ಯಾರಾದರೂ ಹೇಳುತ್ತಿದ್ದರು. ಕರ್ಟಿಸನಿಗೆ ಕೃಷ್ಣನೂ ಇಲ್ಲ, ಸಂಜಯನೂ ಇಲ್ಲ.

ಅವನಿಗಿರುವುದು ತಾಯಿಯ ಚರಿತ್ರೆ. ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿ ಅವನನ್ನು ಅಂಗಡಿಯ ಮುಂದೆ ಕಾರಿನಲ್ಲಿ ಬಿಟ್ಟು ಎದ್ದುಹೋದಳು. ಸ್ಕಿಜೋಫ್ರೀನಿಯಾ. ಈಗ ಆರೈಕೆಯ ಮನೆಯೊಂದರಲ್ಲಿದ್ದಾಳೆ. ತಾಯಿಗೆ ಕಾಯಿಲೆ ಕಾಣಿಸಿಕೊಂಡದ್ದೂ ಮೂವತ್ತರ ಹರೆಯದಲ್ಲೇ ಎಂಬುದು ಅವನಿಗೆ ಗೊತ್ತು. ಹಾಗಾಗಿ ಅವನು ಎರಡು ದಿಕ್ಕಿನಲ್ಲಿ ಕಾವಲು ನಿಲ್ಲಬೇಕಾಗುತ್ತದೆ, ಆಕಾಶದ ಕಡೆಗೂ ತನ್ನ ತಲೆಯ ಕಡೆಗೂ. ಗ್ರಂಥಾಲಯದಿಂದ ಮನೋರೋಗದ ಪುಸ್ತಕ ತರುತ್ತಾನೆ. ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆದು, 20ಕ್ಕೆ 5 ಅಂಕ ಬಂದಿದೆ ಎಂದು ಆಪ್ತಸಮಾಲೋಚಕಿಯ ಮುಂದೆ ಪಾಠ ಒಪ್ಪಿಸುವ ಹುಡುಗನಂತೆ ಹೇಳುತ್ತಾನೆ. ಅದೇ ವಾರಗಳಲ್ಲಿ ಹಿತ್ತಲಲ್ಲಿದ್ದ, ಬಿರುಗಾಳಿ ಬಂದಾಗ ಅಡಗುವ ನೆಲಮನೆಯನ್ನು ಅಗೆದು ದೊಡ್ಡದು ಮಾಡಲು ಸಾಲ ತರುತ್ತಾನೆ, ಕಂಪನಿಯ ಯಂತ್ರ ತಂದು ಅಗೆಯುತ್ತಾನೆ, ಸರಕು ಸಾಗಿಸುವ ಹಡಗಿನ ಕಂಟೇನರನ್ನೇ ನೆಲದೊಳಗೆ ಇಳಿಸುತ್ತಾನೆ. ನಂಬುವುದನ್ನೂ ಬಿಡಲಿಲ್ಲ, ಅನುಮಾನಿಸುವುದನ್ನೂ ಬಿಡಲಿಲ್ಲ. ಪ್ರಳಯ ಬಂತೆಂದು ಸಾರುವ ಪ್ರವಾದಿಗಳು ಚರಿತ್ರೆಯ ತುಂಬ ಇದ್ದಾರೆ. ತಮ್ಮ ಕಾಣ್ಕೆಯನ್ನು ತಾವೇ ಪರೀಕ್ಷೆಗೆ ಒಡ್ಡಿದವರು ಅವರಲ್ಲಿ ಎಷ್ಟು ಮಂದಿ? ಈ ಪ್ರಾಮಾಣಿಕತೆಗಾಗಿ ನಾನು ಕರ್ಟಿಸನನ್ನು ಗೌರವಿಸುತ್ತೇನೆ.

ಅವನ ಭಯವನ್ನು ಬುಡವಿಲ್ಲದ್ದೆಂದು ತಳ್ಳಿಹಾಕುವ ಮುಂಚೆ ಆ ನೆಲದ ನೆನಪನ್ನೂ ನೋಡಬೇಕು. ಲಗ್ರಾಂಜ್ ಇರುವುದು ಲೊರೇನ್ ಕೌಂಟಿಯಲ್ಲಿ. 1924ರ ಜೂನ್ 28ರಂದು ಅದೇ ಕೌಂಟಿಯ ಲೊರೇನ್ ನಗರವನ್ನು ಸುಂಟರಗಾಳಿಯೊಂದು ನೆಲಸಮ ಮಾಡಿತು. ಓಹಾಯೊದ ಇತಿಹಾಸದಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಅದು. 1974ರ ಏಪ್ರಿಲ್ 3ರಂದು ಅದೇ ರಾಜ್ಯದ ಜೀನಿಯಾ ಪಟ್ಟಣ ಕೆಲವೇ ನಿಮಿಷಗಳಲ್ಲಿ ಚೂರಾಯಿತು. ಅಲ್ಲಿನ ಊರುಗಳಲ್ಲಿ ಸೈರನ್ ಕೂಗುವುದು, ಜನ ನೆಲಮಾಳಿಗೆಗೆ ಇಳಿಯುವುದು ಬದುಕಿನ ರೂಢಿಯೇ. ಕರ್ಟಿಸನ ಹಿತ್ತಲಲ್ಲಿ ನೆಲಮನೆ ಮೊದಲೇ ಇತ್ತು. ಚಿತ್ರದ ಹಕ್ಕಿಗಳ ವಿಷಯದಲ್ಲೂ ಒಂದು ಮಾತಿದೆ. ಸಾವಿರಾರು ಹಕ್ಕಿಗಳು ಹೊಗೆಯಂತೆ ಸುಳಿದು ಹಿಂಡುಗಟ್ಟುವುದನ್ನು ಕರ್ಟಿಸ್ ಬಾಯಿ ತೆರೆದು ನೋಡುತ್ತಾನೆ. ಆ ಹಕ್ಕಿಗಳು ಸತ್ತು ಉದುರುವುದನ್ನೂ ಕಾಣುತ್ತಾನೆ. ಚಿತ್ರ 2011ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದಕ್ಕೆ ಕೆಲವೇ ವಾರ ಮುಂಚೆ, 2010ರ ಕೊನೆಯ ರಾತ್ರಿ, ನಿಕೋಲ್ಸ್ ಹುಟ್ಟಿದ ಅರ್ಕನ್ಸಾ ರಾಜ್ಯದ ಬೀಬಿ ಎಂಬ ಊರಿನ ಮೇಲೆ ಸಾವಿರಾರು ಕಪ್ಪು ಹಕ್ಕಿಗಳು ನಿಜವಾಗಿಯೂ ಆಕಾಶದಿಂದ ಉದುರಿದ್ದವು. ಹೊಸ ವರ್ಷದ ಪಟಾಕಿಗೆ ಬೆದರಿ ಕತ್ತಲಲ್ಲಿ ಹಾರಿ ಬಡಿದುಕೊಂಡು ಸತ್ತವೆಂದು ಆಮೇಲೆ ವಿವರಣೆ ಬಂತು. ವಿವರಣೆ ಸಿಕ್ಕಿದರೂ ಆ ಬೆಳಿಗ್ಗೆ ಬಾಗಿಲು ತೆರೆದು ಅಂಗಳ ಕಂಡವರ ಎದೆ ಝಲ್ಲೆಂದದ್ದು ಸುಳ್ಳಾಗುವುದಿಲ್ಲ.

ನಿಕೋಲ್ಸ್ ಚಿತ್ರಕಥೆ ಬರೆದದ್ದು 2008ರಲ್ಲಿ, ಹೊಸದಾಗಿ ಮದುವೆಯಾದ ದಿನಗಳಲ್ಲಿ. ಬ್ಯಾಂಕುಗಳು ಕುಸಿದು ಸಾಲದ ಮನೆಗಳು ಹರಾಜಾಗುತ್ತಿದ್ದ ವರ್ಷ. ಅದಕ್ಕೇ ಇರಬೇಕು, ಈ ಚಿತ್ರದಲ್ಲಿ ಸುಂಟರಗಾಳಿಗಿಂತ ಮೊದಲು ಬರುವುದು ಲೆಕ್ಕದ ಕಾಗದಗಳು. ಹ್ಯಾನಾಗೆ ಕಿವಿ ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಆಗಬೇಕು. ಅದರ ಖರ್ಚು ಭರಿಸುವುದು ಕರ್ಟಿಸನ ನೌಕರಿಯ ಜೊತೆಗಿರುವ ಆರೋಗ್ಯ ವಿಮೆ. ಯಂತ್ರವನ್ನು ಕೇಳದೆ ಒಯ್ದದ್ದಕ್ಕೆ ನೌಕರಿ ಹೋಗುತ್ತದೆ, ಅದರ ಹಿಂದೆಯೇ ವಿಮೆಯೂ. ಮಗಳನ್ನು ಕಾಪಾಡಲು ತೋಡಿದ ಗುಂಡಿ ಮಗಳ ಕಿವಿಯನ್ನೇ ನುಂಗಿತು. ಲಯನ್ಸ್ ಕ್ಲಬ್ಬಿನ ಊಟದ ದಿನ ಇಡೀ ಊರಿನ ಮುಂದೆ ಅವನು ಮೇಜು ಉರುಳಿಸಿ ಕೂಗಾಡುವ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ನೆನಪಿರುವುದು ಆ ಕೂಗಾಟ ಮುಗಿದ ಮೇಲೆ ಅವನು ಅಳುವುದು, ಸಮಂತಾ ಎಲ್ಲರೆದುರು ಹೋಗಿ ಅವನನ್ನು ತಬ್ಬಿಕೊಳ್ಳುವುದು.

ಆಮೇಲೆ ಒಂದು ರಾತ್ರಿ ಸೈರನ್ ನಿಜವಾಗಿಯೇ ಕೂಗುತ್ತದೆ. ಮೂವರೂ ನೆಲದೊಳಗೆ ಇಳಿಯುತ್ತಾರೆ, ವಿಷಾನಿಲ ತಡೆಯುವ ಮುಖವಾಡ ಹಾಕಿಕೊಳ್ಳುತ್ತಾರೆ, ನಿದ್ದೆಹೋಗುತ್ತಾರೆ. ಎಚ್ಚರವಾದಾಗ ಮೇಲೆ ಬಿರುಗಾಳಿ ನಿಂತಿದೆ ಎನ್ನುತ್ತಾಳೆ ಸಮಂತಾ. ಕರ್ಟಿಸನಿಗೆ ಇನ್ನೂ ಕೇಳಿಸುತ್ತಿದೆ. ಬಾಗಿಲು ತೆರೆ ಎನ್ನುತ್ತಾಳೆ. ಅವನು ಬೀಗದ ಕೈಯನ್ನು ಅವಳ ಕೈಗೆ ಕೊಡಲು ಬರುತ್ತಾನೆ. ಅವಳು ತೆಗೆದುಕೊಳ್ಳುವುದಿಲ್ಲ. ನಾನು ತೆರೆದರೆ ಏನೂ ಬದಲಾಗದು, ನೀನೇ ತೆರೆಯಬೇಕು ಎನ್ನುತ್ತಾಳೆ. ನಾನು ನೋಡಿದ ಸಿನಿಮಾಗಳಲ್ಲಿ ದಾಂಪತ್ಯದ ಬಗ್ಗೆ ಇಷ್ಟು ಆಳವಾದ ದೃಶ್ಯ ಕಡಿಮೆ. ಅವಳಿಗೆ ಅವನ ಮೇಲೆ ಗೆಲ್ಲಬೇಕಾಗಿಲ್ಲ. ಕೀಲಿ ತಿರುಗಿಸಿ, ನೋಡು ಬಿಸಿಲಿದೆ ಎಂದು ಅವನನ್ನು ಸುಳ್ಳಾಗಿಸುವುದು ಅವಳಿಗೆ ಬಹಳ ಸುಲಭವಿತ್ತು. ಸಮಂತಾಳ ಪಾತ್ರ ಮಾಡಿರುವ ಜೆಸಿಕಾ ಚಾಸ್ಟೇನ್ ಆ ಹೊತ್ತು ಅವನನ್ನು ನೋಡುವ ನೋಟದಲ್ಲಿ ಭಯವಿದೆ, ಪ್ರೀತಿಯೂ ಇದೆ. ಕರುಣೆ ತೋರುವ ದೊಡ್ಡಸ್ತಿಕೆ ಮಾತ್ರ ಇಲ್ಲ. ಅವನು ನಡುಗುತ್ತ ಕಬ್ಬಿಣದ ಬಾಗಿಲು ಎತ್ತುತ್ತಾನೆ. ಕಣ್ಣು ಕೋರೈಸುವ ಬಿಸಿಲು. ನೆರೆಯವರು ಮುರಿದ ಕೊಂಬೆ ಎತ್ತಿಹಾಕುತ್ತಿದ್ದಾರೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಒಬ್ಬ ರೋಗಿ ಚಿಕಿತ್ಸೆಯ ದಾರಿ ಹಿಡಿದ ಕಥೆಯಾಗುತ್ತಿತ್ತು, ಅದೂ ಒಳ್ಳೆಯದೇ. ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಮನೋವೈದ್ಯರ ಸಲಹೆಯಂತೆ ಚಿಕಿತ್ಸೆಗೆ ಮುಂಚೆ ಅವರು ಮರ್ಟಲ್ ಬೀಚ್ ಎಂಬ ಕಡಲತೀರಕ್ಕೆ ರಜೆಗೆ ಹೋಗುತ್ತಾರೆ. ಅಪ್ಪ ಮಗಳು ಮರಳಿನ ಮನೆ ಕಟ್ಟುತ್ತಿದ್ದಾರೆ. ಹ್ಯಾನಾ ತಲೆಯೆತ್ತಿ ಸಮುದ್ರದ ಕಡೆ ನೋಡಿ ಕೈಸನ್ನೆಯಲ್ಲಿ ಬಿರುಗಾಳಿ ಎನ್ನುತ್ತಾಳೆ. ಗುಡುಗು ಕೇಳಿಸದ ಮಗುವೇ ಮೊದಲು ಕಂಡದ್ದು! ಕರ್ಟಿಸ್ ತಿರುಗಿ ಮೊದಲು ನೋಡುವುದು ಹೆಂಡತಿಯ ಮುಖವನ್ನು. ತಂಗಿರುವ ಮನೆಯ ಜಗಲಿಗೆ ಸಮಂತಾ ಬಂದಿದ್ದಾಳೆ. ಅವಳ ಕಣ್ಣ ಮುಂದೆ ಸಮುದ್ರದ ಮೇಲೆ ಸುಳಿಗಾಳಿಗಳು ಇಳಿದಿವೆ. ಅವಳ ಕೈಮೇಲೆ ಕಂದು ಹನಿಗಳು. ಅವಳು ಗಂಡನನ್ನು ನೋಡಿ ತಲೆಯಾಡಿಸುತ್ತಾಳೆ.

ಇದು ನಿಜವೋ ಅವನ ಇನ್ನೊಂದು ಕನಸೋ ಎಂದು ನೋಡಿದವರು ವಾದಿಸುತ್ತಲೇ ಇದ್ದಾರೆ. ಆ ವಾದದಲ್ಲಿ ನನಗೆ ಆಸಕ್ತಿ ಇಲ್ಲ. ಇರುಳಿನ ರಸ್ತೆಬದಿಯಲ್ಲಿ ಅವನು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಷ್ಟೇ ನನಗೆ ಸಾಕು. ಎದುರಿಗೆ ಬರುತ್ತಿರುವುದು ಪ್ರಳಯವೇ ಆದರೂ ಕರ್ಟಿಸನ ಮುಖದಲ್ಲಿ ಅಲ್ಲಿಯತನಕ ಕಾಣದಿದ್ದ ಶಾಂತಿಯೊಂದು ಕಾಣುತ್ತದೆ. ಮನೋರೋಗವನ್ನು ದಿವ್ಯದೃಷ್ಟಿ ಎಂದು ಬಣ್ಣಿಸುವ ಕೆಲಸವನ್ನು ಈ ಚಿತ್ರ ಮಾಡಿಲ್ಲ. ಔಷಧ, ವೈದ್ಯರು, ತಾಯಿಯ ನರಳಿಕೆ ಎಲ್ಲವನ್ನೂ ಗಂಭೀರವಾಗಿಯೇ ತೆಗೆದುಕೊಂಡಿದೆ. ಹಾಗಿದ್ದೂ ಆಕಾಶದ ಕಡೆಗಿನ ಅವನ ನೋಟವನ್ನು ಅದು ಕಸಿದುಕೊಂಡಿಲ್ಲ. ಕಾನ್ ಚಿತ್ರೋತ್ಸವದ ‘ವಿಮರ್ಶಕರ ವಾರ’ ವಿಭಾಗದಲ್ಲಿ 2011ರ ಅತ್ಯುನ್ನತ ಬಹುಮಾನ ಈ ಚಿತ್ರಕ್ಕೆ ಬಂತು. ಅದು ಸಲ್ಲಬೇಕಾದದ್ದೇ.

ನೀವು ಇದನ್ನು ಇನ್ನೂ ನೋಡಿಲ್ಲವಾದರೆ ನೋಡಿ. ಒಬ್ಬರೇ ಕೂತು ನೋಡಬೇಡಿ. ಮನೆಯವರಲ್ಲಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ.